ಮಣ್ಣಿನ ಪದರಗಳನ್ನು ಓದಿದ ಬ್ರೂಸ್ ಫೂಟ್

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಿಂದ ತರುಣ ಭೂವಿಜ್ಞಾನಿಯೊಬ್ಬರು ಒಂದು ಕಲ್ಲನ್ನು ಎತ್ತಿಕೊಂಡರು. ಅದರ ಅಂಚುಗಳಿಂದ ಯಾರೋ ಬೇಕೆಂದೇ ಚಕ್ಕೆಗಳನ್ನು ಎಬ್ಬಿಸಿದ್ದರು. ಹಳೆಯ ಶಿಲಾಯುಗದ ಮಾನವನು ಭಾರತದಲ್ಲಿಯೂ ಬಾಳಿದ್ದನೆಂಬುದಕ್ಕೆ ಆ ಕಲ್ಲು ಸಾಕ್ಷಿಯಾಯಿತು. ಅದನ್ನು ಗುರುತಿಸಿದವರು ರಾಬರ್ಟ್ ಬ್ರೂಸ್ ಫೂಟ್.

ಇಂಗ್ಲೆಂಡಿನಲ್ಲಿ 1834ರಲ್ಲಿ ಜನಿಸಿದ ಫೂಟ್ 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಶಿಲೆಗಳ ಪರಿಶೀಲನೆ ಅವರ ಉದ್ಯೋಗ; ಪ್ರಾಚೀನ ಮಾನವನ ಶೋಧ ಅವರ ವ್ಯಸನ. ಮಲಪ್ರಭೆಯ ಕಣಿವೆಯಲ್ಲಿ, ಬಳ್ಳಾರಿಯ ಬೆಟ್ಟಗಳಲ್ಲಿ ಅವರು ವರ್ಷಗಟ್ಟಲೆ ಸಂಚರಿಸಿದರು. ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಶಿಲಾಶ್ರೇಣಿಗೆ ಧಾರವಾಡದ ಹೆಸರನ್ನು ಕೊಟ್ಟವರೂ ಅವರೇ.

ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಎಂಬಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ. ಯೂರೋಪಿನ ಗುಹೆಗಳಂತೆ ಇಲ್ಲಿಯೂ ಆದಿಮಾನವನ ಕುರುಹುಗಳು ದೊರೆಯಬಹುದೆಂಬ ಆಸೆಯಿಂದ 1884ರಲ್ಲಿ ಅಗೆತ ಆರಂಭವಾಯಿತು. ತಂದೆ ತೊಡಗಿದ ಕೆಲಸವನ್ನು ಸೈನ್ಯಾಧಿಕಾರಿಯಾಗಿದ್ದ ಮಗ ಹೆನ್ರಿ ಮುಂದುವರಿಸಿದನು. ಗುಹೆಯ ನೆಲವನ್ನು ಮನಬಂದಂತೆ ತೋಡಲಿಲ್ಲ. ಪದರ ಪದರವಾಗಿ ಬಿಡಿಸಿದರು. ಯಾವ ಎಲುಬು ಯಾವ ಪದರದಲ್ಲಿತ್ತೆಂಬುದೇ ಮರೆತುಹೋದರೆ ಎಲುಬು ಸಿಕ್ಕಿ ಪ್ರಯೋಜನವೇನು? ಆ ಸೀಮೆಯಿಂದ ಎಂದೋ ಕಣ್ಮರೆಯಾದ ಖಡ್ಗಮೃಗದ ಎಲುಬುಗಳೂ ಅಲ್ಲಿ ದೊರೆತವು.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಅವರನ್ನು ಬಹುಕಾಲ ಕಾಡಿದವು. ಹಂಪೆಯ ಸಮೀಪದ ಇಂಥ ಒಂದು ದಿಬ್ಬವನ್ನು ಜನರು ವಾಲಿಯ ದಹನದ ಬೂದಿಯೆನ್ನುತ್ತಾರೆ. ಫೂಟ್ ಮಾತ್ರ, ಇವು ನವಶಿಲಾಯುಗದ ಗೋಪಾಲಕರ ದನದ ಸಗಣಿ ಉರಿದು ಉಳಿದ ಬೂದಿಯೆಂದು ತೀರ್ಮಾನಿಸಿದರು. ಅಷ್ಟು ಸರಳವಾದ ವಿವರಣೆಯನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. 1957ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡುಬಂದವು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರಾದರು. ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಅವರ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಒಂದು ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿದಿತ್ತು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ದೀರ್ಘವಾದ ತೆರವಿದೆಯೆಂದು ಫೂಟ್ ನಂಬಿದ್ದರು. ಗುಜರಾತಿನಲ್ಲಿ ಸಾಬರಮತಿಯ ಮೆಕ್ಕಲುಮಣ್ಣಿನ ದಪ್ಪವನ್ನು ಕಂಡು ಅವರು ಹಾಗೆ ಊಹಿಸಿದ್ದರು. ಆ ತೆರವಿನಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕಿದವರಿದ್ದರು. ಅವರ ಉಪಕರಣಗಳು ಬೆರಳ ತುದಿಯಷ್ಟು ಚಿಕ್ಕವು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಮೊದಲು ಸುಬ್ಬರಾವ್ ಅವರೂ, 1964–65ರಲ್ಲಿ ನಾಗರಾಜರಾವ್ ಮೊದಲಾದವರೂ ಅಗೆದಾಗ, ನವಶಿಲಾಯುಗದ ಪದರದ ಕೆಳಗೆ ಅಂಥ ಸೂಕ್ಷ್ಮ ಶಿಲೋಪಕರಣಗಳ ಪದರ ತೋರಿತು. ಬೆಂಗಳೂರಿನ ಉತ್ತರಕ್ಕೆ, ಯಶವಂತಪುರದಾಚೆಯ ಜಾಲಹಳ್ಳಿಯ ನೆಲದಲ್ಲಿ ಸಿಕ್ಕಿದ ಬೆಣಚುಕಲ್ಲಿನ ಸಣ್ಣ ಅಲಗುಗಳನ್ನು ಟಾಡ್ ಎಂಬವರು 1948ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು.