ರಾಗಿ ಲಕ್ಷ್ಮಣಯ್ಯ

ಮಕ್ಕಳೇ, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಕಡೆ ಮುದ್ದೆ ಉಣ್ಣದವರು ವಿರಳ. ಆ ಮುದ್ದೆಯ ಹಿಂದೆ ನಮ್ಮ ಜಿಲ್ಲೆಯವರೇ ಆದ ಒಬ್ಬ ವಿಜ್ಞಾನಿಯ ಜೀವಮಾನದ ದುಡಿಮೆ ಇದೆ. ಅವರ ಹೆಸರು ಸಿ. ಎಚ್. ಲಕ್ಷ್ಮಣಯ್ಯ. ರೈತರಿಗೆ ಮಾತ್ರ ಅವರು ರಾಗಿ ಲಕ್ಷ್ಮಣಯ್ಯ.

ಅವರು ಹುಟ್ಟಿದ್ದು 1921ರಲ್ಲಿ, ಮೈಸೂರು ಜಿಲ್ಲೆಯ ಹಾರೋಹಳ್ಳಿಯಲ್ಲಿ. ಓದು ಮುಗಿಸಿ ಕೃಷಿ ಇಲಾಖೆ ಸೇರಿ ಮಂಡ್ಯದ ವಿ. ಸಿ. ಫಾರಂನಲ್ಲಿ ಕೆಲಸಕ್ಕೆ ನಿಂತರು. ಆ ಕಾಲದಲ್ಲಿ ರಾಗಿ ಎಂದರೆ ಬಡವರ ಧಾನ್ಯವೆಂಬ ತಾತ್ಸಾರ. ಭತ್ತ, ಗೋಧಿಗಳಿಗೆ ಸಿಕ್ಕ ಗಮನ ಅದಕ್ಕೆ ಸಿಕ್ಕಿರಲಿಲ್ಲ. ಆದರೆ ಮಳೆ ನಂಬಿದ ಹೊಲದವರಿಗೆ ರಾಗಿಯೇ ಊಟ. ಅದು ಕೈಕೊಟ್ಟರೆ ಮನೆಯ ಮಕ್ಕಳು ಹಸಿದು ಮಲಗಬೇಕಿತ್ತು.

ಹೆಚ್ಚು ಇಳುವರಿ ಬೇಕೆಂದರೆ ಎರಡು ತಳಿಗಳನ್ನು ಕೂಡಿಸಿ ಹೊಸ ತಳಿ ಪಡೆಯಬೇಕು. ರಾಗಿಯಲ್ಲಿ ಇದು ಬಲು ಕಷ್ಟ. ಅದರ ಹೂವು ಸಾಸಿವೆ ಕಾಳಿನಷ್ಟು ಪುಟ್ಟದು. ಅದರೊಳಗೆ ಮೂರೇ ಕೇಸರಗಳು. ಬೆಳಗಾಗುವ ಮುನ್ನವೇ ಹೂವಿನ ಪರಾಗ ಅದೇ ಹೂವಿನ ಶಲಾಕಾಗ್ರದ ಮೇಲೆ ಬಿದ್ದು ಕೆಲಸ ಮುಗಿದಿರುತ್ತದೆ. ಚಿಮಟ ಹಿಡಿದು ಕೇಸರ ಕೀಳಲು ಹೋದರೆ ಹೂವೇ ಹಾಳು.

ಇದಕ್ಕೊಂದು ಉಪಾಯವಿತ್ತು. ಹಸಿರು ಕಾಂಡದ ಒಂದು ತಳಿ, ನೇರಳೆ ಬಣ್ಣದ ಇನ್ನೊಂದು ತಳಿ. ಎರಡರ ತೆನೆಗಳನ್ನೂ ಒಟ್ಟಿಗೆ ಸೇರಿಸಿ ಕಟ್ಟಿಬಿಡುವುದು. ಹಸಿರು ತಾಯಿಯ ಬೀಜಗಳನ್ನು ಬಿತ್ತಿದರೆ ಸಸಿಗಳೆಲ್ಲ ಬಹುಮಟ್ಟಿಗೆ ಹಸಿರೇ. ಎಲ್ಲೋ ಒಂದೆರಡರಲ್ಲಿ ಮಾತ್ರ ನೇರಳೆ ಕಾಣುತ್ತದೆ. ಆ ಬಣ್ಣ ತಾಯಿಯದಲ್ಲ, ಆದ್ದರಿಂದ ತಂದೆಯಿಂದಲೇ ಬಂದಿರಬೇಕು. ಅದೇ ಮಿಶ್ರ ಸಸಿ! ಹೇಳಲು ಸುಲಭ. ಆ ಒಂದೆರಡನ್ನು ಹುಡುಕಿ, ಮರಳಿ ಬಿತ್ತಿ, ವರ್ಷ ವರ್ಷವೂ ಒಳ್ಳೆಯದನ್ನು ಆರಿಸಲು ಎಷ್ಟು ತಾಳ್ಮೆ ಬೇಕು, ಯೋಚಿಸಿ.

1951ರಿಂದ 1964ರ ನಡುವೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಬಂದವು. ಆಮೇಲೆ ಅವರ ದೃಷ್ಟಿ ಆಫ್ರಿಕಾದತ್ತ ಹೋಯಿತು. ರಾಗಿ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದೇ ಅಲ್ಲಿಂದ. ಆಫ್ರಿಕಾದ ತಳಿಗಳ ತೆನೆ ದಪ್ಪ, ಆದರೆ ಮಾಗುವುದು ತಡ. ಅವನ್ನು ನಮ್ಮ ತಳಿಗಳೊಂದಿಗೆ ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಇಂಡಾಫ್! 1965-66ರ ಬರದಲ್ಲಿ ದೇಶ ಹೊರಗಿನ ಗೋಧಿಗೆ ಕೈಯೊಡ್ಡಿತ್ತು. ಅಂಥ ದಿನಗಳನ್ನು ಕಂಡ ರೈತರಿಗೆ ಅದೇ ಹೊಲದಲ್ಲಿ ಹೆಚ್ಚು ರಾಗಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ರಾಗಿಯಿಂದ ದೇಹಕ್ಕೇನು ಲಾಭ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ. ಬೆಳೆಯುವ ಮೂಳೆಗೆ, ಹಲ್ಲಿಗೆ ಇದು ಬೇಕೇ ಬೇಕು. ನಾರು ಹೆಚ್ಚಿರುವುದರಿಂದ ಹಸಿವು ಬೇಗ ಕಾಡುವುದಿಲ್ಲ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಶಾಲೆಗೆ ಬಂದವರ ಮನಸ್ಸು ಹನ್ನೊಂದು ಗಂಟೆಯ ಗಣಿತದಲ್ಲಿ ನಿಲ್ಲುವುದು ಕಷ್ಟ. ಒಂದು ಲೋಟ ರಾಗಿ ಗಂಜಿ ಕುಡಿದು ಬಂದರೆ ಅನುಕೂಲ. ಹಾಗೆಂದು ಬರಿ ಮುದ್ದೆ ಸಾಲದು. ಅದರಲ್ಲಿ ಕಡಿಮೆಯಿರುವ ಪ್ರೋಟೀನ್ ಅಂಶವನ್ನು ಹುರುಳಿ, ಅವರೆಯ ಸಾರು ತುಂಬುತ್ತದೆ. ಸಾರಿಗೆ ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ನಮ್ಮ ಅಜ್ಜಿಯರ ರೂಢಿಯಿಂದಲೂ ಇದೇ ಪ್ರಯೋಜನ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. 2024ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವುದೂ ಆರಂಭವಾಯಿತು.

ಹೊಲದಲ್ಲಿ ರಾಗಿ ತೆನೆ ಒಡೆದಾಗ ಬೆಳಿಗ್ಗೆ ಬೇಗ ಭೂತಗನ್ನಡಿ ಹಿಡಿದು ಹೋಗಿ. ತೆನೆಯ ಒಂದು ಬೆರಳಿನಲ್ಲಿ ಆ ಮೂರು ಕೇಸರಗಳನ್ನು ಹುಡುಕಿ, ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.