ಅಡಯಾರಿನ ಕರ್ನಲ್ ಆಲ್ಕಾಟರು

ಗಿಂಡಿ ಎಂದರೆ ನಮ್ಮ ಕಡೆ ನೀರು ಕುಡಿಯುವ ಪಾತ್ರೆ. ಕಾಸರಗೋಡಿನ ನಮ್ಮ ಮನೆಯಲ್ಲಿ ಜಗಲಿಗೆ ಬಂದವರಿಗೆ ಮೊದಲು ಒಂದು ಗಿಂಡಿ ನೀರು, ಒಂದು ತುಂಡು ಬೆಲ್ಲ, ಆಮೇಲೆ ಮಾತು. ಬಿ.ಕಾಂ. ಓದಲು ಚೆನ್ನೈಗೆ ಹೊರಟಾಗ, ಮಾವನ ಮನೆ ಇರುವ ಜಾಗದ ಹೆಸರೇ ಗಿಂಡಿ ಅಂತ ಕೇಳಿ ತಂಗಿ ನಕ್ಕದ್ದೇ ನಕ್ಕದ್ದು. ಈಗ ಎರಡು ವರ್ಷದಿಂದ ನಾನು ಆ ಗಿಂಡಿಯ ನೀರನ್ನೇ ಕುಡಿಯುತ್ತಿದ್ದೇನೆ. ಮಾವ ಇಲ್ಲಿನ ಕೈಗಾರಿಕಾ ವಸಾಹತುವಿನಲ್ಲಿ ಲೇತ್ ಕೆಲಸ ಮಾಡುತ್ತಾರೆ.

ಕಳೆದ ವರ್ಷದಿಂದ ವಾರಕ್ಕೆ ಎರಡು ಸಂಜೆ, ಹತ್ತಿರದ ಒಂದು ಗುಡಿಸಲು ಕೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತೇನೆ. ಹೊರದೇಶದಲ್ಲಿರುವ ಕೆಲವರು ಸೇರಿ ಹಣ ಕಳಿಸುತ್ತಾರೆ. ಆ ಹಣದಲ್ಲಿ ಸೋರುವ ಮನೆಗೆ ಶೀಟು ಬರುತ್ತದೆ, ಮಕ್ಕಳಿಗೆ ಪುಸ್ತಕ ಬರುತ್ತದೆ. ನಮ್ಮಂಥ ವಿದ್ಯಾರ್ಥಿಗಳು ಪುಕ್ಕಟೆಯಾಗಿ ಪಾಠ ಮಾಡುತ್ತೇವೆ. ನನ್ನ ತಮಿಳು ಅಷ್ಟಕ್ಕಷ್ಟೆ. ಆದರೆ ಲಾಭ-ನಷ್ಟದ ಲೆಕ್ಕಕ್ಕೆ ಭಾಷೆ ಹೆಚ್ಚು ಬೇಡ ನೋಡಿ!

ನಮ್ಮ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡು ಎಂದು ಸಂಪಾದಕ ಮಿತ್ರರು ಗಂಟುಬಿದ್ದಾಗ ಯಾರ ಬಗ್ಗೆ ಬರೆಯುವುದೆಂದು ಹೊಳೆಯಲಿಲ್ಲ. ಊಟಕ್ಕೆ ಕೂತಾಗ ಮಾವ, ದೂರ ಯಾಕೆ ಹೋಗ್ತೀಯ ಮಾರಾಯ, ಪರದೇಶದಿಂದ ಬಂದು ಇಲ್ಲಿನ ಬಡವರಿಗೆ ಶಾಲೆ ಹಾಕಿದವರು ಅಡಯಾರಿನಲ್ಲೇ ಇದ್ದರಲ್ಲ ಎಂದರು. ಮರುದಿನ ಭಾನುವಾರ. ಗಿಂಡಿಯಿಂದ ಸರ್ದಾರ್ ಪಟೇಲ್ ರಸ್ತೆ ಹಿಡಿದು, ರಾಜಾಜಿ ಸ್ಮಾರಕ, ಗಾಂಧಿ ಮಂಟಪ ದಾಟಿ ಅಡಯಾರಿಗೆ ಹೋದೆ. ಅಲ್ಲಿಂದ ಮುಂದೆ ಬೆಸೆಂಟ್ ನಗರದಲ್ಲಿ ಆಲ್ಕಾಟ್ ಸ್ಮಾರಕ ಶಾಲೆ ಇದೆ. ರಜೆಯಾದ್ದರಿಂದ ಗೇಟು ಹಾಕಿತ್ತು. ಗೇಟಿನ ಹೊರಗೆ ನಿಂತೇ ನೋಡಿ ಬಂದೆ. ಆಮೇಲೆ ಗ್ರಂಥಾಲಯದಲ್ಲಿ ಕೂತು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆನ್ರಿ ಸ್ಟೀಲ್ ಆಲ್ಕಾಟರು ಹುಟ್ಟಿದ್ದು 1832ರ ಆಗಸ್ಟ್ 2ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ತಂದೆಯ ವ್ಯಾಪಾರ ಮುಳುಗಿತು. ಓದು ಅರ್ಧಕ್ಕೆ ನಿಂತಿತು. ಹುಡುಗ ಒಹಾಯೋದ ಹೊಲಗಳಲ್ಲಿ ದುಡಿಯಲು ಹೋದ. ಆದರೆ ಮಣ್ಣಿನ ಕೆಲಸವನ್ನೂ ವಿದ್ಯೆಯನ್ನಾಗಿ ಮಾಡಿಕೊಂಡ. ಕೃಷಿ ವಿಜ್ಞಾನ ಕಲಿತು, ಜೋಳದ ಜಾತಿಯ ಬೆಳೆಯೊಂದರ ಮೇಲೆ ಪುಸ್ತಕ ಬರೆದು, ಕೊನೆಗೆ ನ್ಯೂಯಾರ್ಕಿನ ದೊಡ್ಡ ಪತ್ರಿಕೆಯಲ್ಲಿ ಕೃಷಿ ವಿಭಾಗದ ಸಂಪಾದಕರಾದರು. 1859ರಲ್ಲಿ, ಗುಲಾಮರನ್ನು ಬಿಡಿಸಲು ಹೋರಾಡಿದ ಜಾನ್ ಬ್ರೌನನನ್ನು ಗಲ್ಲಿಗೇರಿಸಿದಾಗ ಅದನ್ನು ವರದಿ ಮಾಡಲು ಹೋದವರಲ್ಲಿ ಇವರೂ ಒಬ್ಬರು.

ಅಮೆರಿಕದ ಅಂತರ್ಯುದ್ಧದಲ್ಲಿ ಅವರು ಮಾಡಿದ ಕೆಲಸ ನಮ್ಮಂಥ ವಾಣಿಜ್ಯ ವಿದ್ಯಾರ್ಥಿಗಳಿಗೆ ಹೆಮ್ಮೆಯದು. ಸೈನ್ಯಕ್ಕೆ ಸಾಮಾನು ಒದಗಿಸುವ ಕಂಟ್ರಾಕ್ಟರುಗಳು ಸರಕಾರವನ್ನು ಸುಲಿಯುತ್ತಿದ್ದರು. ಅವರ ಲೆಕ್ಕಪತ್ರ ಬಿಚ್ಚಿ, ಮೋಸ ಹಿಡಿದು, ಕೋರ್ಟಿಗೆ ಎಳೆದದ್ದು ಆಲ್ಕಾಟರು. ಕರ್ನಲ್ ಎಂಬ ಬಿರುದು ಬಂದದ್ದು ಆ ಕಾಲದಲ್ಲೇ. 1865ರಲ್ಲಿ ಅಧ್ಯಕ್ಷ ಲಿಂಕನ್ನರ ಕೊಲೆಯಾದಾಗ ಅದರ ತನಿಖೆಯಲ್ಲೂ ಅವರಿದ್ದರು. ಆಮೇಲೆ ವಕೀಲರಾಗಿ, ಇನ್ಶೂರೆನ್ಸ್ ವಿಷಯದಲ್ಲಿ ಹೆಸರು ಮಾಡಿದರು. ಒಟ್ಟಿನಲ್ಲಿ ತಪ್ಪು ಲೆಕ್ಕ ಕಂಡರೆ ಬಿಡುವ ಜಾಯಮಾನ ಅವರದಲ್ಲ.

1875ರಲ್ಲಿ ಅವರೂ ಮೇಡಂ ಬ್ಲಾವಟ್‌ಸ್ಕಿಯವರೂ ಇನ್ನು ಕೆಲವರೂ ಸೇರಿ ನ್ಯೂಯಾರ್ಕಿನಲ್ಲಿ ಥಿಯಾಸಫಿಕಲ್ ಸೊಸೈಟಿ ಸ್ಥಾಪಿಸಿದರು. ಆಲ್ಕಾಟರು ಅದರ ಮೊದಲ ಅಧ್ಯಕ್ಷರು. 1879ರಲ್ಲಿ ಇಬ್ಬರೂ ಮುಂಬಯಿಗೆ ಬಂದಿಳಿದರು. 1882ರಲ್ಲಿ ಅಡಯಾರು ನದಿಯ ದಡದಲ್ಲಿ ಹಡಲ್‌ಸ್ಟನ್ ಗಾರ್ಡನ್ಸ್ ಎಂಬ ತೋಟದ ಬಂಗಲೆಯನ್ನು ಸೊಸೈಟಿಗಾಗಿ ಕೊಂಡು, ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯೇ ನೆಲೆಸಿದರು. ಅವರ ತತ್ತ್ವ, ಪವಾಡಗಳ ಚರ್ಚೆ ನನ್ನ ತಲೆಗೆ ಮೀರಿದ್ದು. ಅದನ್ನು ದೊಡ್ಡವರಿಗೆ ಬಿಡುತ್ತೇನೆ. ನನಗೆ ಬೇಕಾದದ್ದು ಅವರ ಶಾಲೆಗಳು.

ಮೊದಲು ಸಿಂಹಳದಲ್ಲಿ. 1880ರ ಮೇ ತಿಂಗಳಲ್ಲಿ ಗಾಲೆ ಪಟ್ಟಣದಲ್ಲಿ ಆಲ್ಕಾಟರು ಬೌದ್ಧರ ಪಂಚಶೀಲ ಸ್ವೀಕರಿಸಿದರು. ಅಲ್ಲಿ ಒಳ್ಳೆಯ ಶಾಲೆಗಳೆಂದರೆ ಹೆಚ್ಚಾಗಿ ಮಿಶನರಿಗಳವು. ಬೌದ್ಧರ ಮಕ್ಕಳಿಗೆ ಬೌದ್ಧರದೇ ಶಾಲೆ ಬೇಕೆಂದು ಊರೂರು ಸುತ್ತಿ ಹಣ ಎತ್ತಿದರು. 1886ರಲ್ಲಿ ಕೊಲಂಬೋದಲ್ಲಿ ಶುರುವಾದ ಶಾಲೆಯೇ ಮುಂದೆ ಆನಂದ ಕಾಲೇಜಾಯಿತು. ಇವತ್ತಿಗೂ ಕೊಲಂಬೋ ಕೋಟೆ ರೈಲ್ವೆ ನಿಲ್ದಾಣದ ಎದುರು ಅವರ ಪ್ರತಿಮೆ ನಿಂತಿದೆ.

ಆದರೆ ಅವರ ಮನೆ ಬಾಗಿಲಲ್ಲೇ, ಅಡಯಾರಿನ ಸುತ್ತ, ಪಂಚಮರೆಂದು ಊರ ಹೊರಗಿಟ್ಟ ಜನರ ಗುಡಿಸಲುಗಳಿದ್ದವು. ಆ ಮಕ್ಕಳನ್ನು ಶಾಲೆಯ ಜಗಲಿಗೂ ಸೇರಿಸುತ್ತಿರಲಿಲ್ಲ. 1894ರಲ್ಲಿ ಆಲ್ಕಾಟರು ಅವರಿಗಾಗಿ ಒಂದು ಉಚಿತ ಶಾಲೆ ತೆರೆದರು. ಮುಂದಿನ ವರ್ಷಗಳಲ್ಲಿ ಮದರಾಸಿನ ಬೇರೆ ಬೇರೆ ಕಡೆ ಇಂಥ ಶಾಲೆಗಳು ಇನ್ನಷ್ಟು ಆದವು. ಒಂದಕ್ಕೆ ತಿರುವಳ್ಳುವರರ ಹೆಸರು. ಹಣ ಬಂದದ್ದು ಹೆಚ್ಚಾಗಿ ಅಮೆರಿಕ, ಯುರೋಪಿನ ಸದಸ್ಯರಿಂದ. ಅಮೆರಿಕದಿಂದ ಹೆಂಗಸರು ತಾವಾಗಿ ಬಂದು ಮೇಲ್ವಿಚಾರಣೆಗೆ ನಿಂತರು; ಸಣ್ಣ ಮಕ್ಕಳಿಗೆ ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿ ತಂದರು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಅಪರಿಚಿತರ ಹಣದಲ್ಲಿ ಗುಡಿಸಲಿನ ಮಗು ಸ್ಲೇಟು ಹಿಡಿಯಿತು.

ಇಷ್ಟೇ ಆಗಿದ್ದರೆ ನಾನು ಹೊಗಳಿ ಮುಗಿಸಿಬಿಡುತ್ತಿದ್ದೆ. ಆದರೆ ಮುಂದೆ ಓದಿದಾಗ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ಆ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ತಮಿಳು ಓದು ಬರಹ, ಲೆಕ್ಕ, ಶುಚಿತ್ವ, ಅಡಿಗೆ, ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷು. ಕೆಲವೇ ವರ್ಷದ ಓದು. ಮಕ್ಕಳು ಒಳ್ಳೆಯ ಮನೆಗಳಲ್ಲಿ ಒಳ್ಳೆಯ ಆಳುಗಳಾಗಲಿ, ನಾಲ್ಕು ಕಾಸು ಹೆಚ್ಚು ಸಿಗಲಿ ಎಂಬುದು ಆಲ್ಕಾಟರ ಆಸೆ. ಅದಕ್ಕಿಂತ ಮೇಲಿನ ಓದು ಅವರಿಗೆ ಬೇಡ ಎಂಬುದು ಅವರ ಅಭಿಪ್ರಾಯವಾಗಿತ್ತು. ಗುಲಾಮಗಿರಿಯ ವಿರೋಧಿಯನ್ನು ನೇಣಿಗೆ ಹಾಕಿದ ವರದಿಗೆ ಹೋದವರು, ತಪ್ಪು ಲೆಕ್ಕ ಕಂಡರೆ ಬಿಡದವರು, ಈ ಒಂದು ಲೆಕ್ಕದಲ್ಲಿ ಎಡವಿದರಲ್ಲ ಎಂದು ನನಗೆ ಸಿಟ್ಟೇ ಬಂತು.

ಸಿಟ್ಟು ಬಂದ ವಾರವೇ ನನ್ನ ಬಣ್ಣವೂ ಬಯಲಾಯಿತು. ನಮ್ಮ ಸಂಜೆ ಪಾಠಕ್ಕೆ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಲೆಕ್ಕದಲ್ಲಿ ನನಗಿಂತ ಚುರುಕು. ಅವಳ ತಾಯಿ ಮನೆಗೆಲಸಕ್ಕೆ ಹೋಗುವವರು. ಮುಂದೇನು ಮಾಡಿಸುವುದು ತಂಬಿ ಎಂದು ನನ್ನನ್ನು ಕೇಳಿದರು. ನಾನು ದೊಡ್ಡ ಮನುಷ್ಯನಂತೆ, ಹತ್ತನೆಯದು ಮುಗಿದ ಮೇಲೆ ಹೊಲಿಗೆಯೋ ಕಂಪ್ಯೂಟರ್ ಟೈಪಿಂಗೋ ಕಲಿಸಿ, ಬೇಗ ಸಂಪಾದನೆಯಾಗುತ್ತದೆ ಅಂದೆ. ಹುಡುಗಿ ತಲೆ ಎತ್ತಿ, ಅಣ್ಣಾ ನೀವು ಯಾಕೆ ಹೊಲಿಗೆ ಕಲಿಯಲಿಲ್ಲ ಎಂದು ಕೇಳಿದಳು. ತಮಾಷೆಗಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಬಿ.ಕಾಂ.ಗೆ ಅರ್ಜಿ ಹಾಕಿದಾಗ, ಕನ್ನಡ ಮಾಧ್ಯಮದ ನಿನಗೆ ಇದೆಲ್ಲ ಏರದು, ಯಾವುದಾದರೂ ಸಣ್ಣ ಕೋರ್ಸು ಮಾಡು ಎಂದು ಬುದ್ಧಿ ಹೇಳಿದವರೊಬ್ಬರಿದ್ದರು. ಆ ರಾತ್ರಿ ನಾನು ಅತ್ತದ್ದು ಅಮ್ಮನಿಗೆ ಮಾತ್ರ ಗೊತ್ತು. ಅದೇ ಮಾತನ್ನು ನಾನು ಇನ್ನೊಬ್ಬರ ಮಗಳಿಗೆ ಆಡಿ ಬಂದಿದ್ದೆ.

ನಮ್ಮ ಊರಿನ ಕುದ್ಮುಲ್ ರಂಗರಾಯರ ನೆನಪಾಯಿತು. 1859ರಲ್ಲಿ ಕಾಸರಗೋಡಿನ ಕುದ್ಮುಲಿನಲ್ಲಿ ಹುಟ್ಟಿದ ಅವರು, ಆಲ್ಕಾಟರಿಗಿಂತ ಎರಡು ವರ್ಷ ಮೊದಲೇ, 1892ರಲ್ಲಿ, ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಆಗ ಮಂಗಳೂರೂ ಮದರಾಸು ಪ್ರಾಂತದ್ದೇ. ಶಾಲೆ ಮಾತ್ರ ಸಾಲದು, ಕಾಲೂರಲು ಸ್ವಂತ ಜಾಗ ಬೇಕೆಂದು ಸರಕಾರದಿಂದ ಭೂಮಿ ಪಡೆದು ಮನೆ ಕಟ್ಟಿಕೊಳ್ಳಲು ಕೊಡಿಸಿದರು. ಜಾತಿಯವರ ಬಹಿಷ್ಕಾರ ಉಂಡರು. ಆಲ್ಕಾಟರು ಸಮುದ್ರ ದಾಟಿ ಬಂದರು, ರಂಗರಾಯರು ದಾಟಿದ್ದು ಒಂದು ಬೀದಿ. ಆ ಕಾಲದಲ್ಲಿ ಆ ಬೀದಿಯೇನೂ ಸಮುದ್ರಕ್ಕಿಂತ ಕಿರಿದಾಗಿರಲಿಲ್ಲ.

ಆಲ್ಕಾಟರನ್ನು ನಾನು ತಳ್ಳಿಹಾಕುವುದಿಲ್ಲ. 1898ರಲ್ಲಿ ಪಂಡಿತ ಅಯೋತಿದಾಸರು ಅವರ ಬಳಿ ಬಂದು, ನಮ್ಮ ಜನ ಮೂಲದಲ್ಲಿ ಬೌದ್ಧರು, ಆ ದಾರಿಗೆ ಮರಳಲು ಸಹಾಯ ಮಾಡಿ ಎಂದು ಕೇಳಿದಾಗ, ಆಲ್ಕಾಟರು ಅವರನ್ನು ಸಿಂಹಳಕ್ಕೆ ಕರೆದೊಯ್ದರು. ಅಯೋತಿದಾಸರು ಮರಳಿ ಬಂದು ಮದರಾಸಿನಲ್ಲಿ ಬೌದ್ಧ ಸಂಘ ಕಟ್ಟಿದರು, 1907ರಲ್ಲಿ ಸ್ವಂತ ಪತ್ರಿಕೆ ತೆಗೆದರು. ಅದರ ಶಾಖೆಗಳು ನಮ್ಮ ಕೋಲಾರದ ಚಿನ್ನದ ಗಣಿಯವರೆಗೂ ಹಬ್ಬಿದವು. ಒಳ್ಳೆಯ ಆಳುಗಳಾಗಲಿ ಎಂದು ಆಲ್ಕಾಟರು ಬಯಸಿದ ಆ ಜನರ ನಡುವಿನಿಂದಲೇ ಪಂಡಿತರು, ಪತ್ರಿಕಾಕರ್ತರು ಎದ್ದು ನಿಂತರು. ಅಕ್ಷರಕ್ಕೆ ಬೇಲಿ ಹಾಕಲು ಕೊಟ್ಟವರಿಂದಲೂ ಆಗುವುದಿಲ್ಲ.

1907ರ ಫೆಬ್ರವರಿ 17ರಂದು ಅಡಯಾರಿನಲ್ಲೇ ಆಲ್ಕಾಟರು ತೀರಿಕೊಂಡರು. ಅವರು ಹಾಕಿದ ಶಾಲೆ ಅವರ ಎಣಿಕೆಯನ್ನು ಮೀರಿ ಬೆಳೆಯಿತು. ಕೆಲವು ವರ್ಷದ ಓದೆಂದು ಶುರುವಾದದ್ದು ಹೈಸ್ಕೂಲಾಯಿತು. ಅವರ ಖಾತೆಯಲ್ಲಿ ಜಮೆಯೂ ಇದೆ, ಖರ್ಚೂ ಇದೆ. ಕಳೆದರೆ ಉಳಿಯುವುದು ಜಮೆಯೇ ಎಂದು ನನ್ನ ಲೆಕ್ಕ.

ಮುಂದಿನ ಗುರುವಾರ ಆ ತಾಯಿಯ ಬಳಿ ಹೋಗಿ, ಮೊನ್ನೆ ನಾನು ಹೇಳಿದ್ದು ತಪ್ಪಾಯಿತು ಅಕ್ಕಾ, ಎಲ್ಲಿಯವರೆಗೆ ಓದಬೇಕೆಂದು ಅವಳೇ ಹೇಳಲಿ ಎಂದೆ. ಹುಡುಗಿ ಆಡಿಟರ್ ಆಗಬೇಕಂತೆ. ನಮ್ಮ ಅಕೌಂಟೆನ್ಸಿ ಪುಸ್ತಕವನ್ನು ಎರಡು ದಿನಕ್ಕೆಂದು ಕೇಳಿ ತೆಗೆದುಕೊಂಡು ಹೋಗಿದ್ದಾಳೆ. ಮೂರು ವಾರವಾಯಿತು, ಇನ್ನೂ ವಾಪಸು ಕೊಟ್ಟಿಲ್ಲ. ಪರೀಕ್ಷೆ ಹತ್ತಿರ ಬಂದಿದೆ. ಕೇಳಲು ನನಗೆ ಮನಸ್ಸೂ ಬರುತ್ತಿಲ್ಲ.