ಬೆಟ್ಟ ಅಳೆದವನ ಹೆಸರು ಬೆಟ್ಟಕ್ಕಿಲ್ಲ

ಮುಳ್ಳಯ್ಯನಗಿರಿ ಹತ್ತಿ ಬಂದವರೆಲ್ಲ 1,930 ಮೀಟರ್ ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅಷ್ಟೆತ್ತರದ ಬೆಟ್ಟಕ್ಕೆ ಟೇಪು ಹಿಡಿಯೋದು ಹೇಗೆ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಆ ಲೆಕ್ಕಕ್ಕೆ ಬುನಾದಿ ಹಾಕಿದವನು ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಾಧಾರಣ ರೈತಾಪಿ ಮನೆಯವನು. ಗಣಿತದಲ್ಲಿ ಗಟ್ಟಿಗ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣು ಕೆಡಿಸಿಕೊಂಡಿದ್ದ. 1799ರಲ್ಲಿ ಟಿಪ್ಪು ಮಡಿದ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿದ್ದ. ಗೆದ್ದ ನೆಲದ ನಕ್ಷೆ ಬೇಕೆಂಬುದು ಕಂಪನಿಯ ದುರಾಸೆ. ಭೂಮಿಯ ಆಕಾರವನ್ನೇ ಅಳೆಯಬೇಕೆಂಬುದು ಇವನ ಹುಚ್ಚು.

1802ರ ಏಪ್ರಿಲ್ ಬಿಸಿಲಲ್ಲಿ, ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ, 100 ಅಡಿಯ ಉಕ್ಕಿನ ಸರಪಳಿಯಿಂದ ಏಳೂವರೆ ಮೈಲಿ ಅಳೆಸಿದ. ಬಿಸಿಗೆ ಉಕ್ಕು ಹಿಗ್ಗುತ್ತಲ್ಲ, ಅದಕ್ಕೇ ಥರ್ಮಾಮೀಟರ್ ಇಟ್ಟು ಆ ಹಿಗ್ಗನ್ನೂ ಲೆಕ್ಕಕ್ಕೆ ಹಿಡಿದ. ಮುಗಿಯುವಷ್ಟರಲ್ಲಿ ಮೇ 22. 1804ರಲ್ಲಿ ಬೆಂಗಳೂರಿನಲ್ಲೂ ಇಂಥದೇ ಗೆರೆ ಅಳೆದರು.

ಗುಟ್ಟು ಇರೋದು ಈ ಗೆರೆಯಲ್ಲೇ. ಅದರ ಎರಡೂ ತುದಿಯಿಂದ ಥಿಯೋಡಲೈಟ್‌ನಲ್ಲಿ ಬೆಟ್ಟ ನೋಡಿ ಕೋನ ಬರೆದುಕೊಂಡರೆ ತ್ರಿಕೋನವಾಗುತ್ತದೆ, ಬೆಟ್ಟದ ದೂರ ಸಿಗುತ್ತದೆ. ತುದಿ ಎಷ್ಟು ಮೇಲಕ್ಕೆ ಕಾಣುತ್ತದೆ ಎಂಬ ಕೋನ ಸೇರಿಸಿದರೆ ಎತ್ತರವೂ ಸಿಕ್ಕಿತು. ಭೂಮಿ ಗುಂಡಗಿದೆ, ಗಾಳಿಯಲ್ಲಿ ಬೆಳಕು ಬಾಗುತ್ತದೆ. ಅವೆರಡನ್ನೂ ಸರಿಪಡಿಸಿ ಸಮುದ್ರಮಟ್ಟದಿಂದ ಎಣಿಸಬೇಕು. ಹೀಗೆ ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ಮಂಗಳೂರು ಮುಟ್ಟಿದಾಗ, ಹಳೇ ನಕ್ಷೆಯ 400 ಮೈಲಿ ಅಗಲ 360ಕ್ಕೆ ಇಳಿದಿತ್ತು!

ಆ ಥಿಯೋಡಲೈಟ್ ಅರ್ಧ ಟನ್ ಭಾರ. ಅದನ್ನು ಬೆಟ್ಟಕ್ಕೆ ಹೊತ್ತ ನಮ್ಮ ಕೂಲಿಗಳ ಹೆಸರು ಎಲ್ಲೂ ಇಲ್ಲ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು ಗೋಡೆಗೆ ಬಡಿದು ನಜ್ಜುಗುಜ್ಜಾಯಿತು. ಲ್ಯಾಂಬ್ಟನ್ ಎದೆಗೆಡಲಿಲ್ಲ. ಆರು ವಾರ ಕೂತು ಅದನ್ನು ಸರಿಮಾಡಿಯೇ ಎದ್ದ.

1823ರ ಜನವರಿ 20. ಎಪ್ಪತ್ತರ ಹತ್ತಿರದ ಮುದುಕ, ಅಳತೆಗೆಂದು ಉತ್ತರಕ್ಕೆ ಹೊರಟವನು, ವಾರ್ಧಾ ಬಳಿಯ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಅವನ ಸಹಾಯಕನಾಗಿದ್ದ ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. 1865ರಲ್ಲಿ ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಶಿಷ್ಯನ ಹೆಸರು ಬಿತ್ತು. ಗುರುವಿಗೆ ಆ ಭಾಗ್ಯ ದಕ್ಕಲಿಲ್ಲ. ಹೊತ್ತವರಿಗಂತೂ ಕಲ್ಲೂ ಇಲ್ಲ.

ಮುಂದಿನ ಭಾನುವಾರ ಗಿರಿ ಹತ್ತಿದಾಗ, ಫೋಟೋ ಹಿಡಿದ ಮೇಲೆ, ಆ ಜನರನ್ನು ಒಂದು ಗಳಿಗೆ ನೆನೆಯಿರಿ.